ನಿನ್ನೆಯ ಹೊಸತು

ಬೆಳಗಿನ ಮೊದಲ ಗಳಿಗೆಯಲ್ಲಿ ನಾವು ಮಾಡುವ ಕೆಲಸಗಳಲ್ಲಿ ಆಲೋಚನೆಯ ಪಾಲು ಅತ್ಯಲ್ಪ. ಕಣ್ಣು ಪೂರ್ತಿ ತೆರೆಯುವ ಮೊದಲೇ ಕಾಲು ಚಪ್ಪಲಿಯನ್ನು ಹುಡುಕಿಕೊಳ್ಳುತ್ತದೆ. ದೀಪ ಹಾಕದೆಯೇ ಕೈ ಬಾಗಿಲ ಅಗುಳಿಯನ್ನು ತಲುಪುತ್ತದೆ. ಕಾಫಿಪುಡಿಯ ಡಬ್ಬಿ ಯಾವ ಗೂಡಿನಲ್ಲಿದೆ, ಫಿಲ್ಟರಿಗೆ ಎಷ್ಟು ಚಮಚ ಪುಡಿ ಬೇಕು, ಬಿಸಿನೀರು ಎಲ್ಲಿಯವರೆಗೆ ನಿಲ್ಲಬೇಕು ಎಂಬುದೆಲ್ಲ ಬೆರಳುಗಳಿಗೇ ಗೊತ್ತು. ಬುದ್ಧಿಯನ್ನು ಎಬ್ಬಿಸುವ ಪ್ರಮೇಯವೇ ಬರುವುದಿಲ್ಲ. ಎಂದೋ ಒಂದು ಕಾಲದಲ್ಲಿ ಇದೆಲ್ಲ ಕಲಿಕೆಯಾಗಿತ್ತು. ಚೆಲ್ಲಿ, ಕೈ ಸುಟ್ಟುಕೊಂಡು, ಮತ್ತೆ ತಿದ್ದಿಕೊಂಡು ಬಂದ ಕಲಿಕೆ. ಇಂದು ಅದು ಅಭ್ಯಾಸ. ಅಭ್ಯಾಸದ ಉಪಕಾರ ದೊಡ್ಡದು. ಪ್ರತಿ ಹೆಜ್ಜೆಯನ್ನೂ ಹೊಸದಾಗಿ ನಿರ್ಧರಿಸಬೇಕಾಗಿದ್ದರೆ ನಮ್ಮ ಶಕ್ತಿ ಹೊತ್ತು ಮೂಡುವುದರೊಳಗೆ ತೀರಿಹೋಗುತ್ತಿತ್ತು. ಮಾಡಿದ್ದನ್ನೇ ಮಾಡುವ ಸೌಲಭ್ಯವಿರುವುದರಿಂದಲೇ ಮಾಡದಿದ್ದುದನ್ನು ಮಾಡಲು ಒಂದಿಷ್ಟು ತ್ರಾಣ ಮಿಗುತ್ತದೆ. ಆದರೂ ಈ ಉಪಕಾರಕ್ಕೆ ಒಂದು ಬೆಲೆಯುಂಟು. ಯಾವ ದಾರಿ ನಮ್ಮನ್ನು ಯೋಚನೆಯ ಭಾರದಿಂದ ಬಿಡಿಸುತ್ತದೆಯೋ, ಅದೇ ದಾರಿ ಉಳಿದ ದಾರಿಗಳನ್ನು ಮೆಲ್ಲಮೆಲ್ಲನೆ ನಮ್ಮ ಕಣ್ಣಿನಿಂದ ಮರೆಮಾಡುತ್ತದೆ.

ಇಡೀ ಸಮಾಜವೇ ಹೀಗೆ ಅಭ್ಯಾಸಬಲದಿಂದ ದಿನ ಕಳೆದರೆ ಅದರ ಸ್ವರೂಪ ಹೇಗಿದ್ದೀತು? ಈ ಪ್ರಶ್ನೆಯನ್ನು ತಮ್ಮ ಚಿಂತನೆಯ ಮೆಟ್ಟಿಲಾಗಿ ಮಾಡಿಕೊಂಡ ಅರ್ಥಶಾಸ್ತ್ರಜ್ಞರು ಜೋಸೆಫ್ ಶುಂಪೀಟರ್. ಅವರು ಹುಟ್ಟಿದ್ದು 1883ರಲ್ಲಿ, ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಮೊರಾವಿಯಾ ಪ್ರಾಂತ್ಯದ ಟ್ರೀಶ್ ಎಂಬ ಸಣ್ಣ ಊರಿನಲ್ಲಿ. ಬಟ್ಟೆಯ ತಯಾರಿಕೆ ಆ ಮನೆತನದ ಉದ್ಯೋಗ. ನಾಲ್ಕರ ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ಆಸರೆಯಲ್ಲಿ ಬೆಳೆದು, ವಿಯೆನ್ನಾದಲ್ಲಿ ಕಾನೂನನ್ನೂ ಅರ್ಥಶಾಸ್ತ್ರವನ್ನೂ ಅಭ್ಯಸಿಸಿದರು. ಅವರ ‘ಆರ್ಥಿಕ ವಿಕಾಸದ ಸಿದ್ಧಾಂತ’ ಜರ್ಮನ್ ಭಾಷೆಯಲ್ಲಿ ಪ್ರಕಟವಾದದ್ದು 1911ರಲ್ಲಿ. ಆಗ ಅವರ ವಯಸ್ಸು 28. ಆ ಗ್ರಂಥದ ಆರಂಭದಲ್ಲಿ ಅವರು ಒಂದು ಪ್ರಶಾಂತ ಲೋಕವನ್ನು ಕಲ್ಪಿಸುತ್ತಾರೆ. ಅಲ್ಲಿ ಕೃಷಿಕ ಕಳೆದ ವರ್ಷ ಬಿತ್ತಿದಷ್ಟನ್ನೇ ಬಿತ್ತುತ್ತಾನೆ. ನೇಯುವವನು ಕಳೆದ ವರ್ಷ ಮಾರಿದಷ್ಟನ್ನೇ ನೇಯುತ್ತಾನೆ. ವರ್ತಕನಿಗೆ ತನ್ನ ಗಿರಾಕಿ ಯಾರೆಂಬುದು ಮೊದಲೇ ತಿಳಿದಿದೆ. ಸರಕು ಮತ್ತು ಹಣ ಒಂದೇ ಆವರ್ತದಲ್ಲಿ ಸುತ್ತುತ್ತವೆ. ನಿನ್ನೆಯಂತೆ ಇಂದು, ಇಂದಿನಂತೆ ನಾಳೆ. ಅಲ್ಲಿ ದುಡಿಮೆಗೆ ಕೂಲಿಯುಂಟು, ನೆಲಕ್ಕೆ ಗೇಣಿಯುಂಟು. ನಿಜಾರ್ಥದ ಲಾಭ ಮಾತ್ರ ಇಲ್ಲ. ಬಂದದ್ದು ಖರ್ಚಿಗೆ ಸರಿಹೋಗುತ್ತದೆ, ಖರ್ಚು ಬಂದದ್ದಕ್ಕೆ ಸರಿಹೊಂದುತ್ತದೆ. ಅಂಥ ಲೋಕದಲ್ಲಿ ಅರ್ಧದಷ್ಟು ನಾವೆಲ್ಲರೂ ಬದುಕುತ್ತಿದ್ದೇವೆ. ಅದರ ನೆಮ್ಮದಿ ನಮಗೆ ಪ್ರಿಯವಾದದ್ದು. ಆ ಪ್ರೀತಿಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆವರ್ತದ ಲೋಕವೂ ಹಿಗ್ಗಬಲ್ಲದು. ಜನಸಂಖ್ಯೆ ಏರಿದಂತೆ ಹೊಲ ವಿಸ್ತರಿಸೀತು. ಉಳಿತಾಯ ಕೂಡಿದಂತೆ ಮಗ್ಗಗಳು ಹೆಚ್ಚಿಯಾವು. ಶುಂಪೀಟರ್ ಇದನ್ನು ವೃದ್ಧಿಯೆಂದು ಕರೆದರು, ವಿಕಾಸವೆಂದು ಕರೆಯಲಿಲ್ಲ. ಇರುವ ವಸ್ತುಗಳನ್ನೂ ಶಕ್ತಿಗಳನ್ನೂ ಯಾರಾದರೊಬ್ಬರು ಹಿಂದೆಂದೂ ಕೂಡಿಸದ ರೀತಿಯಲ್ಲಿ ಕೂಡಿಸಿದಾಗ ಮಾತ್ರ ವಿಕಾಸ ಸಂಭವಿಸುತ್ತದೆ. ಅಂಥ ನೂತನ ಸಂಯೋಜನೆಗೆ ಅವರು ಐದು ರೂಪಗಳನ್ನು ಗುರುತಿಸಿದರು: ಜನ ಈವರೆಗೆ ಕಾಣದ ಸರಕು, ಇದ್ದ ಸರಕನ್ನೇ ತಯಾರಿಸುವ ಬೇರೊಂದು ವಿಧಾನ, ಯಾರೂ ಪ್ರವೇಶಿಸದ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಉದ್ಯಮದ ಹೊಸ ಸಂಘಟನೆ. ಈ ಐದರಲ್ಲಿ ಯಾವುದೂ ಶೂನ್ಯದಿಂದ ಉದ್ಭವಿಸುವುದಿಲ್ಲ. ರೈಲು ಬರುವ ಮೊದಲೂ ಕಬ್ಬಿಣವಿತ್ತು, ಉಗಿಯಿತ್ತು, ಗಾಲಿಯಿತ್ತು, ಪಯಣಿಸಬೇಕಾದ ಜನರಿದ್ದರು. ಅವು ಒಂದಕ್ಕೊಂದು ಸೇರಿರಲಿಲ್ಲ, ಅಷ್ಟೇ. ಸೇರಿಸಿದವರು ಸಾಮಾನ್ಯವಾಗಿ ಕುದುರೆಗಾಡಿಗಳ ಒಡೆಯರಾಗಿರಲಿಲ್ಲ ಎಂಬುದನ್ನು ಶುಂಪೀಟರ್ ವಿಶೇಷವಾಗಿ ಗಮನಿಸಿದರು. ಇದು ಗಾಡಿಯ ಒಡೆಯರ ಮೇಲಿನ ದೂರಲ್ಲ. ಅವರು ತಮ್ಮ ಕೆಲಸವನ್ನು ಚೆನ್ನಾಗಿಯೇ ಬಲ್ಲವರು. ಕುದುರೆ, ಲಾಯ, ಹಾದಿ, ತಂಗುದಾಣ ಎಲ್ಲವೂ ಅವರಿಗೆ ಕರತಲಾಮಲಕ. ಒಂದನ್ನು ಅಷ್ಟು ಚೆನ್ನಾಗಿ ಬಲ್ಲ ಮನಸ್ಸಿಗೆ ಅದರ ಅಗತ್ಯವೇ ಇಲ್ಲದ ಲೋಕವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ನಮ್ಮ ಪರಿಣತಿಯೇ ನಮ್ಮ ಎಲ್ಲೆಯಾಗುವ ಈ ವಿಚಿತ್ರ, ವ್ಯಾಪಾರಕ್ಕೆ ಮಾತ್ರ ಸೀಮಿತವಾದುದಲ್ಲ.

ಹೊಸದನ್ನು ಕಾಣುವುದು ಬೇರೆ, ಹೊಸದನ್ನು ನೆಲೆಗೊಳಿಸುವುದು ಬೇರೆ. ಶುಂಪೀಟರ್ ಅವರ ವಿಚಾರಗಳಲ್ಲಿ ಈ ವಿವೇಚನೆಗೆ ಬಹಳ ತೂಕವಿದೆ. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರಾದರ್ಸ್ ಎಂಬ ರಸಾಯನವಿಜ್ಞಾನಿಯ ನೇತೃತ್ವದಲ್ಲಿ 1935ರಲ್ಲಿ ಒಂದು ಕೃತಕ ನೂಲು ಸಿದ್ಧವಾಯಿತು. ರೇಷ್ಮೆಯಂತೆ ಹೊಳೆಯುವ, ರೇಷ್ಮೆಗಿಂತ ಗಟ್ಟಿಯಾದ ಆ ನೂಲನ್ನು ಇಂದು ಜಗತ್ತು ನೈಲಾನ್ ಎಂದು ಬಲ್ಲದು. ಮನೋವ್ಯಾಕುಲತೆಯಿಂದ ದೀರ್ಘಕಾಲ ಬಳಲಿದ ಕರಾದರ್ಸ್ 1937ರಲ್ಲಿ ತಾವೇ ಪ್ರಾಣ ಬಿಟ್ಟರು. ನೈಲಾನಿನ ಕಾಲುಚೀಲಗಳು ಅಮೆರಿಕದಾದ್ಯಂತ ಅಂಗಡಿಗೆ ಬಂದದ್ದು 1940ರ ಮೇ ತಿಂಗಳಿನಲ್ಲಿ. ಆ ಐದು ವರ್ಷಗಳಲ್ಲಿ ನಡೆದ ಕಾರ್ಯ ಅಪಾರ. ಬಟ್ಟಲಲ್ಲಿ ದೊರೆತದ್ದನ್ನು ಟನ್‌ಗಟ್ಟಲೆ ಪಡೆಯುವ ಬಗೆ ತಿಳಿಯಬೇಕಿತ್ತು. ಕರಗಿದ ದ್ರವವನ್ನು ಕಡಿಯದಂತೆ ಎಳೆಯಾಗಿ ಎಳೆಯಬೇಕಿತ್ತು. ಸೀಫರ್ಡ್ ಎಂಬಲ್ಲಿ ಕಾರ್ಖಾನೆ ಏಳಬೇಕಿತ್ತು. ಹಣ ಹೂಡುವವರು, ಹೆಣೆಯುವವರು, ಮಾರುವವರು, ನಂಬಿ ಕೊಳ್ಳುವವರು ಎಲ್ಲರೂ ಒಂದೆಡೆ ಕೂಡಬೇಕಿತ್ತು. ಕಂಡವರ ಪ್ರತಿಭೆ ಇಲ್ಲಿ ಕಿರಿದಾಗುವುದಿಲ್ಲ. ಕಂಡದ್ದನ್ನು ಬದುಕಿಗೆ ಇಳಿಸುವ ಸಾಧನೆ ಇನ್ನೊಂದು ಬಗೆಯದು, ಅಷ್ಟೇ. ನಮ್ಮೆಲ್ಲರ ಅಂತರಂಗದಲ್ಲಿಯೂ ಕಂಡ ಸತ್ಯಗಳಿಗೆ ಕೊರತೆಯಿಲ್ಲ. ಹೇಗೆ ಬಾಳಿದರೆ ಚೆನ್ನ ಎಂಬುದು ನಮಗೆ ಎಷ್ಟೋ ವರ್ಷಗಳಿಂದ ತಿಳಿದೇ ಇದೆ. ತಿಳಿದದ್ದಕ್ಕೂ ಬಾಳಿದ್ದಕ್ಕೂ ನಡುವಿನ ಅಂತರವೇ ನಮ್ಮ ಆಯುಷ್ಯದ ಬಹುಭಾಗ.

ಆ ಅಂತರವನ್ನು ದಾಟುವುದು ಏಕೆ ಕಷ್ಟ? ಶುಂಪೀಟರ್ ಮೂರು ಪ್ರತಿರೋಧಗಳನ್ನು ಹೆಸರಿಸುತ್ತಾರೆ. ಮೊದಲನೆಯದು ಕಾರ್ಯದಲ್ಲಿಯೇ ಇದೆ. ಸವೆದ ದಾರಿಯಲ್ಲಿ ಮುಂದಿನ ತಿರುವು ಗೊತ್ತು; ಹೊಸ ದಾರಿಯಲ್ಲಿ ಎಲ್ಲವೂ ಊಹೆ. ಪ್ರಮಾಣ ದೊರೆಯುವ ಮೊದಲೇ ಹೆಜ್ಜೆಯಿಡಬೇಕು. ಮೂರನೆಯದು ಸಮಾಜದಲ್ಲಿದೆ. ಕಾನೂನು ಅಡ್ಡ ಬಂದೀತು, ಜೊತೆಗಾರರು ಹಿಂಜರಿದಾರು, ಕೊಳ್ಳುವವರು ಮುಖ ತಿರುಗಿಸಿಯಾರು. ಇವೆರಡನ್ನೂ ಲೋಕ ಬಲ್ಲದು. ಇವೆರಡರ ನಡುವೆ ಇನ್ನೊಂದಿದೆ. ಅದು ಹೊಸದನ್ನು ಬಯಸಿದವನ ಚಿತ್ತದಲ್ಲಿಯೇ ಇರುತ್ತದೆ. ಒಂದು ನೂತನ ಯೋಚನೆ ಸರಿಯೆಂದು ಬುದ್ಧಿಗೆ ಸ್ಪಷ್ಟವಾಗಿ ತೋರಿದಾಗಲೂ ಮನಸ್ಸು ಹಳೆಯ ಜಾಡಿಗೆ ಜಾರುತ್ತದೆ. ಹೊರಗೆ ಯಾರೂ ತಡೆಯುತ್ತಿಲ್ಲ. ಕೈಯಲ್ಲಿ ಸಾಧನವಿದೆ, ಕಾಲವೂ ಅನುಕೂಲವಾಗಿದೆ. ಆದರೂ ಆರಂಭ ನಾಳೆಗೆ ಸರಿಯುತ್ತದೆ. ಹಳೆಯದು ತನ್ನ ಪರವಾದ ವಾದಗಳನ್ನು ತಾನೇ ಒದಗಿಸಿಕೊಡುತ್ತದೆ: ಇನ್ನಷ್ಟು ಸಿದ್ಧತೆ ಬೇಕು, ಹಬ್ಬ ಕಳೆಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ. ಪ್ರತಿಯೊಂದು ವಾದವೂ ನ್ಯಾಯವಾದದ್ದೇ. ಅವೆಲ್ಲ ಕೂಡಿದಾಗ ಒಂದು ಜನ್ಮವೇ ಮುಂದೂಡಲ್ಪಡುತ್ತದೆ. ದಿನದ ಕೆಲಸ ಮುಗಿದ ಮೇಲೂ ಹೊಸದನ್ನು ಕನಸಾಗಿ ಅಲ್ಲದೆ ಸಾಧ್ಯತೆಯಾಗಿ ನೋಡುವಷ್ಟು ಚಿತ್ತಸ್ವಾತಂತ್ರ್ಯ ಉಳಿದಿರಬೇಕು. ಅದು ಅಪೂರ್ವವಾದದ್ದು ಎಂಬುದು ಶುಂಪೀಟರ್ ಅವರ ಅಭಿಪ್ರಾಯ. ಅಪೂರ್ವ ಎಂದ ಮಾತ್ರಕ್ಕೆ ಅದು ಕೆಲವರ ಜನ್ಮಸಿದ್ಧ ಹಕ್ಕೆಂದು ನಾವು ತಿಳಿಯಬೇಕಾಗಿಲ್ಲ. ನಮ್ಮೆಲ್ಲರ ಬದುಕಿನಲ್ಲಿಯೂ ಅಂಥ ಒಂದೆರಡು ಗಳಿಗೆಗಳು ಬಂದಿವೆ. ಬಂದಾಗ ನಾವು ಅವುಗಳನ್ನು ಗುರುತಿಸಿದೆವೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಆರಂಭಿಸಲು ಹೊರಟವನ ಬಳಿ ಬಹುಮಟ್ಟಿಗೆ ಏನೂ ಇರುವುದಿಲ್ಲ. ಕಬ್ಬಿಣ ಬೇರೆಯವರದು, ದುಡಿಮೆ ಬೇರೆಯವರದು, ನೆಲ ಬೇರೆಯವರದು. ಅವೆಲ್ಲವೂ ಹಳೆಯ ಆವರ್ತದಲ್ಲಿ ತೊಡಗಿರುತ್ತವೆ. ಅಲ್ಲಿಂದ ಅವನ್ನು ಬಿಡಿಸಿ ಹೊಸ ಕಾರ್ಯಕ್ಕೆ ತರಲು ಸಾಲ ಬೇಕು. ಆದುದರಿಂದಲೇ ಶುಂಪೀಟರ್ ಅವರ ಚಿಂತನೆಯಲ್ಲಿ ಬ್ಯಾಂಕಿಗೆ ಗಂಭೀರವಾದ ಸ್ಥಾನವಿದೆ. ಇನ್ನೂ ಉತ್ಪನ್ನವಾಗದ ಸಂಪತ್ತಿನ ಭರವಸೆಯ ಮೇಲೆ ಬ್ಯಾಂಕು ಇಂದೇ ಹಣವನ್ನು ಸೃಷ್ಟಿಸಿ ಕೊಡುತ್ತದೆ. ನಷ್ಟದ ಭಯವನ್ನು ಹೊರುವವರು ಹಣ ಕೊಟ್ಟವರು; ಆರಂಭಿಸಲು ಹೊರಟ ಉದ್ಯಮಶೀಲ ಹೊರುವುದು ಕಾರ್ಯದ ಭಾರವನ್ನು. ಈ ಲೆಕ್ಕಾಚಾರದ ಹಿಂದೆ ಒಂದು ಸೂಕ್ಷ್ಮವಾದ ಮಾನವೀಯ ಸತ್ಯವಿದೆ. ಏಕಾಂಗಿ ಸಾಹಸಿ ಎಂದು ನಾವು ಮೆಚ್ಚುವವರು ಯಾರೂ ಏಕಾಂಗಿಗಳಲ್ಲ. ಇಲ್ಲದಿರುವುದನ್ನು ಇದೆಯೆಂದು ನಂಬಿ ಕೊಟ್ಟ ಇನ್ನೊಂದು ಜೀವ ಅವರ ಹಿಂದೆ ನಿಂತಿರುತ್ತದೆ. ಅಂತಹ ಸಾಹಸಿಗಳನ್ನು ಕಾರ್ಯಕ್ಕೆ ಎಳೆಯುವುದು ಸುಖದ ಆಸೆಯಲ್ಲವೆಂದು ಶುಂಪೀಟರ್ ಕಂಡರು. ತನ್ನದೇ ಆದ ಒಂದು ಪುಟ್ಟ ಸಾಮ್ರಾಜ್ಯವನ್ನು ಕಟ್ಟುವ ಹಂಬಲ, ಗೆಲ್ಲುವ ಛಲ, ಸೃಷ್ಟಿಸುವುದರಲ್ಲಿಯೇ ದೊರೆಯುವ ಆನಂದ, ಈ ಮೂರನ್ನು ಅವರು ಎಣಿಸಿದರು. ಮೊದಲೆರಡರಲ್ಲಿ ಅಹಂಕಾರದ ಅಂಶವಿದೆ. ನಾವೆಲ್ಲರೂ ಅದರಲ್ಲಿ ಪಾಲುದಾರರು. ಮೂರನೆಯದರಲ್ಲಿ ಅಹಂಕಾರ ತನ್ನನ್ನು ತಾನು ಮರೆಯುತ್ತದೆ. ಸಂಪತ್ತು ಸಾಕಷ್ಟು ಕೂಡಿದ ಮೇಲೂ ಕೆಲವರು ಕೆಲಸ ಬಿಡದಿರುವುದು ಈ ಮೂರನೆಯದರ ಸೆಳೆತದಿಂದಲೇ ಇರಬೇಕು.

ಇಲ್ಲಿಗೆ ನಾವು ಶುಂಪೀಟರ್ ಅವರ ವಿಚಾರಗಳಲ್ಲಿ ಅತ್ಯಂತ ನಿರ್ಮಲವಾದ ಒಂದರ ಹತ್ತಿರ ಬಂದೆವು. ಉದ್ಯಮಶೀಲತೆ ಒಂದು ವೃತ್ತಿಯಲ್ಲ, ಒಂದು ವರ್ಗವೂ ಅಲ್ಲ ಎಂದು ಅವರು ಹೇಳಿದರು. ಹೊಸ ಸಂಯೋಜನೆಯನ್ನು ಕಾರ್ಯಗತಗೊಳಿಸುತ್ತಿರುವಷ್ಟು ಹೊತ್ತು ಮಾತ್ರ ಒಬ್ಬನು ಉದ್ಯಮಶೀಲ. ಕಾರ್ಯ ನೆಲೆಗೊಂಡು, ಕಾರ್ಖಾನೆ ಸುಗಮವಾಗಿ ಸಾಗತೊಡಗಿ, ಆತ ಅದನ್ನು ನಡೆಸಿಕೊಂಡು ಹೋಗತೊಡಗಿದೊಡನೆ ಆ ಗುಣ ಅವನಿಂದ ಕಳಚಿಕೊಳ್ಳುತ್ತದೆ. ಹೆಸರು ಉಳಿದೀತು, ಫಲಕ ಉಳಿದೀತು, ಗೌರವವೂ ಉಳಿದೀತು. ಆದರೆ ಆತ ಈಗ ಮತ್ತೊಂದು ಆವರ್ತದ ನಿವಾಸಿ. ಅವನ ಲಾಭವೂ ಹಾಗೆಯೇ. ಅವನು ತೆರೆದ ದಾರಿಯಲ್ಲಿ ಅನುಕರಿಸುವವರು ಗುಂಪಾಗಿ ಬರುತ್ತಾರೆ. ಬೆಲೆ ಇಳಿಯುತ್ತದೆ, ಲಾಭ ಕರಗುತ್ತದೆ, ಅಪೂರ್ವವಾಗಿದ್ದುದು ಸಾಮಾನ್ಯವಾಗುತ್ತದೆ. ಯಾರೂ ಜೀವನಪೂರ್ತಿ ಹೊಸಬರಾಗಿರಲಾರರು. ಈ ಮಾತು ಮೊದಲು ನಿರಾಶೆಯಂತೆ ಕೇಳಿಸುತ್ತದೆ. ನಿಧಾನವಾಗಿ ಯೋಚಿಸಿದರೆ ಇದರಲ್ಲಿ ಸಮಾಧಾನವಿದೆ. ಹೊಸತನ ಒಂದು ಅವಧಿಯೇ ಹೊರತು ಪದವಿಯಲ್ಲವಾದರೆ, ಅದು ಯಾರಿಗೂ ಕಾಯಮ್ಮಾಗಿ ಮೀಸಲಾಗಿಲ್ಲ, ಯಾರಿಗೂ ಕಾಯಮ್ಮಾಗಿ ನಿಷಿದ್ಧವೂ ಅಲ್ಲ. ಒಮ್ಮೆ ಸಾಧಿಸಿದವನು ಅದರ ಮೇಲೆ ಒರಗಿ ಕೂರಲಾರ. ಒಮ್ಮೆಯೂ ಸಾಧಿಸದವನು ಬಾಗಿಲು ಮುಚ್ಚಿತೆಂದು ಕೊರಗಬೇಕಾಗಿಲ್ಲ.

1942ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಬಂಡವಾಳಶಾಹಿ, ಸಮಾಜವಾದ ಮತ್ತು ಪ್ರಜಾಪ್ರಭುತ್ವ’ ಎಂಬ ಗ್ರಂಥದಲ್ಲಿ ಅವರು ಈ ನಿತ್ಯಪರಿವರ್ತನೆಗೆ ಸೃಜನಾತ್ಮಕ ವಿನಾಶ ಎಂಬ ಹೆಸರನ್ನು ಕೊಟ್ಟರು. ಹೊಸದು ಹಳೆಯದರ ಪಕ್ಕದಲ್ಲಿ ಬಂದು ಸುಮ್ಮನೆ ಕೂರುವುದಿಲ್ಲ. ಅದು ಹಳೆಯದನ್ನು ಒಳಗಿನಿಂದಲೇ ಕದಲಿಸುತ್ತದೆ. ನಿಜವಾದ ಸ್ಪರ್ಧೆ ಒಂದೇ ಬಗೆಯ ಎರಡು ಅಂಗಡಿಗಳ ನಡುವಿನ ಬೆಲೆಯ ಸ್ಪರ್ಧೆಯಲ್ಲ. ಎರಡನ್ನೂ ಅನಗತ್ಯಗೊಳಿಸಬಲ್ಲ ಮೂರನೆಯದರ ಆಗಮನ. ಅದೇ ಗ್ರಂಥದಲ್ಲಿ ಅವರು ರೇಷ್ಮೆಯ ಕಾಲುಚೀಲದ ನಿದರ್ಶನವನ್ನು ಕೊಡುತ್ತಾರೆ. ಹಿಂದೆ ಇಂಗ್ಲೆಂಡಿನ ಎಲಿಜಬೆತ್ ರಾಣಿಯಂಥವರಿಗೆ ಮಾತ್ರ ಎಟುಕುತ್ತಿದ್ದ ವಸ್ತು ಅದು. ಆರ್ಥಿಕ ಪ್ರಗತಿಯ ಹಿರಿಮೆ ರಾಣಿಗೆ ಇನ್ನೂ ಹತ್ತು ಜೊತೆ ಒದಗಿಸುವುದರಲ್ಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಅದು ಎಟುಕುವಂತೆ ಮಾಡಿದುದರಲ್ಲಿದೆ ಎಂಬುದು ಅವರ ಆಶಯ. ಸುಂದರವಾದ ನಿದರ್ಶನ. ಆದರೆ ಆ ಪುಟಗಳು ಓದುಗರ ಕೈ ಸೇರುವ ವೇಳೆಗೆ ರೇಷ್ಮೆಯ ಕಾಲುಚೀಲದ ಕಾಲವೇ ಮುಗಿಯುತ್ತ ಬಂದಿತ್ತು. ಕರಾದರ್ಸ್ ಅವರ ನೈಲಾನ್ ಅದರ ಸ್ಥಾನವನ್ನು ಹಿಡಿಯತೊಡಗಿತ್ತು. ಅಮೆರಿಕಕ್ಕೆ ಕಚ್ಚಾ ರೇಷ್ಮೆಯನ್ನು ಒದಗಿಸುತ್ತಿದ್ದುದು ಮುಖ್ಯವಾಗಿ ಜಪಾನ್. ಎರಡನೆಯ ಮಹಾಯುದ್ಧ ಆ ವ್ಯಾಪಾರವನ್ನು ಕಡಿಯಿತು. ಯುದ್ಧ ಮುಗಿದ ಮೇಲೆ ಕಾಲುಚೀಲದ ಮಾರುಕಟ್ಟೆ ರೇಷ್ಮೆಗೆ ಮರಳಿ ದೊರೆಯಲಿಲ್ಲ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಬಿಸಿನೀರಿನಿಂದ ನೂಲೆಳೆ ತೆಗೆದ ಆ ದೂರದ ಹಳ್ಳಿಗಳ ಜನ ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರ ಕೌಶಲ ಕುಂದಿರಲಿಲ್ಲ, ಶ್ರದ್ಧೆ ಕುಗ್ಗಿರಲಿಲ್ಲ. ಸಮುದ್ರದಾಚೆಯ ಒಂದು ಪ್ರಯೋಗಶಾಲೆಯಲ್ಲಿ ಅವರ ಹೆಸರೂ ತಿಳಿಯದವರು ಒಂದು ಎಳೆಯನ್ನು ಎಳೆದಿದ್ದರು. ಅಷ್ಟು ಸಾಕಾಯಿತು.

ಇದು ಪರದೇಶದ ಕಥೆಯೆಂದು ನಾವು ದೂರ ನಿಲ್ಲುವಂತಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ.ಯ ಕೈಗಡಿಯಾರ ಕಾರ್ಖಾನೆ ಆರಂಭವಾದಾಗ ಅದೇ ಒಂದು ಹೊಸ ಸಂಯೋಜನೆಯಾಗಿತ್ತು. ಹೊರದೇಶದಿಂದ ಬರುತ್ತಿದ್ದ, ಉಳ್ಳವರ ಮಣಿಕಟ್ಟಿಗೆ ಮಾತ್ರ ಒಪ್ಪುತ್ತಿದ್ದ ವಸ್ತು ಶಾಲೆಯ ಮೇಷ್ಟರ ಕೈಗೂ ಗುಮಾಸ್ತರ ಕೈಗೂ ಬಂತು. ಮದುವೆಯಲ್ಲಿ ವರನಿಗೆ ಅದೇ ಉಡುಗೊರೆ, ಪರೀಕ್ಷೆಯಲ್ಲಿ ಪಾಸಾದ ಮಗನಿಗೂ ಅದೇ. ದಿನವೂ ಬೆಳಿಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಪುಟ್ಟ ತಿರುಪನ್ನು ಹಿಡಿದು, ಇನ್ನು ತಿರುಗದು ಎಂಬಷ್ಟು ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ ಕಟ್ಟಿಕೊಳ್ಳುತ್ತಿದ್ದ ಹಿರಿಯರನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಈ ನಡುವೆ 1969ರಲ್ಲಿ ಜಪಾನಿನ ಸೈಕೋ ಸಂಸ್ಥೆ ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಕೀ ಕೊಡುವ ಅಗತ್ಯವೇ ಅದಕ್ಕಿರಲಿಲ್ಲ. 1980ರ ದಶಕದಲ್ಲಿ ನಮ್ಮ ಗಡಿಯಾಚೆಗೇ ಇರುವ ಹೊಸೂರಿನಿಂದ ಟೈಟಾನ್ ಅದೇ ತಂತ್ರವನ್ನು ಹೊಸ ಅಂದದೊಡನೆ, ಹೊಸ ಬಗೆಯ ಅಂಗಡಿಗಳೊಡನೆ ಕೂಡಿಸಿತು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿತ್ತು. ಆ ವೇಳೆಗೆ ಹೊತ್ತು ಎಷ್ಟಾಯಿತೆಂದು ತಿಳಿಯಲು ಜನ ಮಣಿಕಟ್ಟನ್ನಲ್ಲ, ಜೇಬಿನ ಮೊಬೈಲನ್ನು ನೋಡುವ ಅಭ್ಯಾಸಕ್ಕೆ ಬಂದಾಗಿತ್ತು. ಸ್ಥಾನ ಪಡೆದದ್ದಕ್ಕೂ ಅದರ ಸ್ಥಾನ ಕಾಯಮ್ಮಲ್ಲ. ಒಂದು ಕಾಲದ ಹೊಸತು ಇನ್ನೊಂದು ಕಾಲದ ನೆನಪಾಗುತ್ತದೆ. ನೆನಪಾಗಿಸಿದ ಹೊಸತೂ ತನ್ನ ಸರದಿಗಾಗಿ ಸಾಲಿನಲ್ಲಿ ನಿಂತಿರುತ್ತದೆ.

ಇದನ್ನು ಪ್ರಕೃತಿಯ ನಿಯಮವೆಂದು ಒಪ್ಪಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಾಗೆ ಒಪ್ಪುವ ಮನಸ್ಸು ಬಹುಮಟ್ಟಿಗೆ ದಡದ ಮೇಲೆ ನಿಂತಿರುವವರದು. ವಿನಾಶ ಎಂಬುದು ಸಿದ್ಧಾಂತದಲ್ಲಿ ಒಂದು ಪದ. ಬದುಕಿನಲ್ಲಿ ಅದು ಐವತ್ತರ ವಯಸ್ಸಿನ ಒಬ್ಬ ಕುಶಲಕರ್ಮಿ ತನ್ನ ಬೆರಳುಗಳ ಜಾಣ್ಮೆಗೆ ಬೆಲೆಯಿಲ್ಲವೆಂದು ತಿಳಿಯುವ ದಿನ. ಸೃಷ್ಟಿಯ ಫಲವನ್ನು ಕೋಟಿ ಜನ ಸ್ವಲ್ಪಸ್ವಲ್ಪವಾಗಿ ಹಂಚಿಕೊಳ್ಳುತ್ತಾರೆ. ವಿನಾಶದ ನೋವನ್ನು ಕೆಲವರು ಇಡಿಯಾಗಿ ಉಣ್ಣುತ್ತಾರೆ. ಶುಂಪೀಟರ್ ಈ ಪ್ರಕ್ರಿಯೆಯನ್ನು ಎಂದೂ ಕೇವಲ ಉತ್ಸವವಾಗಿ ಚಿತ್ರಿಸಲಿಲ್ಲ. ಅದು ತನ್ನ ಯಶಸ್ಸಿನಿಂದಲೇ ಬಳಲೀತು ಎಂಬ ಶಂಕೆ ಅವರಿಗಿತ್ತು. ದೊಡ್ಡ ಸಂಸ್ಥೆಗಳಲ್ಲಿ ಪರಿಣತರ ತಂಡಗಳು ನಾವೀನ್ಯವನ್ನೇ ದಿನಚರಿಯಾಗಿ ಮಾಡಿಕೊಂಡಾಗ ಸ್ವತಂತ್ರ ಸಾಹಸಿಗೆ ಎಡೆಯೆಲ್ಲಿ ಎಂದು ಅವರು ಚಿಂತಿಸಿದರು. ಹೊಸತನ್ನು ತರುವ ಕಾರ್ಯವೂ ಅಭ್ಯಾಸವಾಗಬಹುದು ಎಂಬ ಈ ಮಾತು ನಮ್ಮನ್ನು ಒಂದು ಕ್ಷಣ ನಿಲ್ಲಿಸುತ್ತದೆ. ಬದಲಾಗುತ್ತಲೇ ಇರುವುದೂ ಯೋಚಿಸದೆ ಮಾಡುವ ಕೆಲಸವಾಗಬಲ್ಲದು. ಹೊಸ ಉಪಕರಣ, ಹೊಸ ಮನೆ, ಹೊಸ ಮಾತು, ಹೊಸ ಗೆಳೆತನ ಎಂದು ಓಡುತ್ತಿರುವಾಗಲೂ ನಾವು ಒಳಗೆ ಅದೇ ಹಳೆಯ ಆವರ್ತದಲ್ಲಿ ಸುತ್ತುತ್ತಿರಬಹುದು. ಹೊಸ ವಸ್ತು ಹೊಸ ಚಿತ್ತವನ್ನು ತಂದುಕೊಡುವುದಿಲ್ಲ.

ಶುಂಪೀಟರ್ ಅವರ ಬಾಳು ಈ ವಿಚಾರದ ಇನ್ನೊಂದು ಮುಖವನ್ನು ತೋರಿಸುತ್ತದೆ. 1919ರಲ್ಲಿ ಅವರು ಆಸ್ಟ್ರಿಯಾದ ಹಣಕಾಸು ಸಚಿವರಾದರು. ಕೆಲವೇ ತಿಂಗಳಲ್ಲಿ ಆ ಸ್ಥಾನ ಹೋಯಿತು. ಬಳಿಕ ವಿಯೆನ್ನಾದ ಒಂದು ಬ್ಯಾಂಕಿನ ಅಧ್ಯಕ್ಷರಾದರು. 1924ರಲ್ಲಿ ಆ ಸ್ಥಾನವೂ ಕೂಡಿಟ್ಟ ಸಂಪತ್ತೂ ಕೈಬಿಟ್ಟವು. ಹೆಗಲೇರಿದ ಸಾಲವನ್ನು ಅವರು ಮುಂದೆ ಹಲವು ವರ್ಷ ತೀರಿಸಿದರು. ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ನೆಲೆಗೊಂಡೆನೆನ್ನುವಷ್ಟರಲ್ಲಿ 1926ರ ಬೇಸಗೆ ಬಂತು. ಕೆಲವೇ ವಾರಗಳ ಅಂತರದಲ್ಲಿ ತಾಯಿ ತೀರಿಕೊಂಡರು. ಹೆರಿಗೆಯಲ್ಲಿ ಪತ್ನಿ ಆ್ಯನಿ ತೀರಿಕೊಂಡರು. ಹುಟ್ಟಿದ ಮಗುವೂ ಉಳಿಯಲಿಲ್ಲ. ಅದೇ ವರ್ಷ ಅವರು ತಮ್ಮ ತಾರುಣ್ಯದ ಮಹಾಕೃತಿಯನ್ನು ಮತ್ತೆ ಕೈಗೆತ್ತಿಕೊಂಡು, ಕಡಿದು, ತಿದ್ದಿ, ಎರಡನೆಯ ಆವೃತ್ತಿಯಾಗಿ ಹೊರತಂದರು. 28ರ ವಯಸ್ಸಿನಲ್ಲಿ ಬರೆದದ್ದು ಅವರಿಗೂ ಹಳೆಯದಾಗಿತ್ತು. 1932ರಲ್ಲಿ ಸಾಗರ ದಾಟಿ ಹಾರ್ವರ್ಡ್ ಸೇರಿದರು. 1939ರಲ್ಲಿ ವ್ಯಾಪಾರಚಕ್ರಗಳ ಮೇಲೆ ಎರಡು ಸಂಪುಟಗಳ ಬೃಹದ್ಗ್ರಂಥವನ್ನು ಪ್ರಕಟಿಸಿದರು. ತಾವು ಹುಟ್ಟಿದ ವರ್ಷವೇ ಹುಟ್ಟಿದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ವಿಚಾರಗಳು ಆ ವೇಳೆಗೆ ವಿದ್ವಲ್ಲೋಕವನ್ನೆಲ್ಲ ತುಂಬಿದ್ದವು. ಶುಂಪೀಟರ್ ಅವರ ಸಂಪುಟಗಳಿಗೆ ನಿರೀಕ್ಷಿಸಿದ ಓದುಗರು ದೊರೆಯಲಿಲ್ಲ. ಅವರು ಬರೆಯುವುದನ್ನು ಬಿಡಲಿಲ್ಲ. 1950ರ ಜನವರಿಯಲ್ಲಿ ತೀರಿಕೊಂಡಾಗ ಅರ್ಥಶಾಸ್ತ್ರದ ಇತಿಹಾಸವನ್ನು ಕುರಿತ ಗ್ರಂಥ ಅಪೂರ್ಣವಾಗಿತ್ತು. ಆ್ಯನಿಯ ನಂತರ ಅವರ ಪತ್ನಿಯಾಗಿದ್ದ ಎಲಿಜಬೆತ್, ಸ್ವತಃ ಅನಾರೋಗ್ಯದಲ್ಲಿದ್ದೂ, ಆ ಹಾಳೆಗಳನ್ನು ಜೋಡಿಸಿದರು. 1953ರಲ್ಲಿ ಅವರೂ ತೀರಿಕೊಂಡರು. ಸಾವಿರ ಪುಟಗಳನ್ನು ಮೀರಿದ ಆ ಗ್ರಂಥ ಬೆಳಕು ಕಂಡದ್ದು 1954ರಲ್ಲಿ. ಸೃಜನಾತ್ಮಕ ವಿನಾಶದ ವಿಚಾರವನ್ನು ಫಿಲಿಪ್ ಅಗಿಯಾನ್ ಮತ್ತು ಪೀಟರ್ ಹೋವಿಟ್ 1992ರಲ್ಲಿ ಗಣಿತದ ಚೌಕಟ್ಟಿಗೆ ತಂದರು. 2025ರಲ್ಲಿ ಅವರಿಬ್ಬರೂ ಇತಿಹಾಸಕಾರ ಜೋಯಲ್ ಮೋಕಿರ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಬದಿಗೆ ಸರಿದ ವಿಚಾರವೂ ಬೇರೆ ಕೈಗಳಲ್ಲಿ ಮತ್ತೆ ಹೊಸತಾಗಬಲ್ಲದು.

ಹೀಗೆ ನೋಡುತ್ತ ಹೋದರೆ ಹಳೆಯದು ಮತ್ತು ಹೊಸದು ಎರಡು ಪಕ್ಷಗಳಂತೆ ಎದುರುಬದುರು ನಿಂತಿಲ್ಲವೆಂದು ನಮಗೆ ಅರಿವಾಗುತ್ತದೆ. ಇಂದಿನ ಪ್ರತಿಯೊಂದು ಅಭ್ಯಾಸವೂ ಎಂದೋ ಯಾರದೋ ಸಾಹಸವಾಗಿತ್ತು. ಇಂದಿನ ಪ್ರತಿಯೊಂದು ಸಾಹಸವೂ ಎಂದೋ ಒಂದು ದಿನ ಅಭ್ಯಾಸವಾಗಲಿದೆ. ಆದುದರಿಂದ ಹಳೆಯದನ್ನು ಹೀಗಳೆಯುವುದು ಕೃತಘ್ನತೆ. ಹಳೆಯದನ್ನೇ ಶಾಶ್ವತವೆಂದು ಹಿಡಿದುಕೊಳ್ಳುವುದು, ಅದನ್ನು ಮೊದಲು ಸೃಷ್ಟಿಸಿದವರ ಧೈರ್ಯವನ್ನು ಮರೆತಂತೆ. ಹಿರಿಯರನ್ನು ಗೌರವಿಸುವ ಬಗೆ ಅವರು ಮಾಡಿದ್ದನ್ನೇ ಮಾಡುವುದು ಮಾತ್ರವಲ್ಲ. ಅವರು ತಮ್ಮ ಕಾಲದಲ್ಲಿ ಮಾಡಿದಂತೆ, ನಮ್ಮ ಕಾಲದಲ್ಲಿ ನಾವೊಂದು ಹೆಜ್ಜೆಯನ್ನು ಪ್ರಮಾಣವಿಲ್ಲದೆ ಇಡುವುದು. ದೊಡ್ಡ ಕಾರ್ಖಾನೆ ಕಟ್ಟುವ ಅವಕಾಶ ನಮ್ಮಲ್ಲಿ ಹೆಚ್ಚಿನವರಿಗೆ ಒದಗಲಾರದು. ಆದರೆ ಇರುವುದನ್ನೇ ಬೇರೆ ರೀತಿಯಲ್ಲಿ ಕೂಡಿಸುವ ಅವಕಾಶ ಪ್ರತಿಯೊಂದು ಮನೆಯಲ್ಲಿ, ಪ್ರತಿಯೊಂದು ತರಗತಿಯಲ್ಲಿ, ಪ್ರತಿಯೊಂದು ಸಂಬಂಧದಲ್ಲಿ ಇದೆ. ಅಲ್ಲಿ ನಮ್ಮನ್ನು ತಡೆಯುವುದು ಬಹುಶಃ ನಮ್ಮ ಸೋಲುಗಳಲ್ಲ, ನಮ್ಮ ನಿನ್ನೆಯ ಗೆಲುವುಗಳು. ಸೋತವನಿಗೆ ದಾರಿ ಬದಲಿಸಲು ಕಾರಣವಿರುತ್ತದೆ. ಗೆದ್ದವನು ಕಾರಣವಿಲ್ಲದೆಯೇ ಬದಲಿಸಬೇಕು. ಅದು ಕಠಿಣ, ಅದಕ್ಕೇ ಅದು ಅಪೂರ್ವ.

ನಾವು ಒಬ್ಬೊಬ್ಬರೂ ಒಂದು ದಿನ ಆರಂಭಿಸುವವರ ಜಾಗದಲ್ಲಿ ನಿಂತಿರುತ್ತೇವೆ; ಇನ್ನೊಂದು ದಿನ ಹಿಂದುಳಿದವರ ಜಾಗದಲ್ಲಿ. ಎರಡೂ ಜಾಗಗಳು ನಮ್ಮವೇ. ಮೊದಲನೆಯದರಲ್ಲಿರುವಾಗ ನಮ್ಮ ಹೆಜ್ಜೆಯಿಂದ ಯಾರ ನೆಲ ಕದಲುತ್ತಿದೆಯೆಂದು ನೋಡುವ ಕಣ್ಣು ಬೇಕು. ಎರಡನೆಯದರಲ್ಲಿರುವಾಗ, ನಮಗೆ ಅರ್ಥವಾಗದುದೆಲ್ಲ ಅನರ್ಥವಲ್ಲವೆಂದು ಒಪ್ಪುವ ವಿನಯ ಬೇಕು. ಯಾರದೋ ಎಳೆಯ ಪ್ರಯತ್ನ ನಮ್ಮೆದುರು ಬಂದು ನಿಂತಾಗ ಅದಕ್ಕೆ ನಾವು ಮೊದಲು ಕೇಳುವುದು ಪುರಾವೆಯನ್ನು. ಪುರಾವೆಯಿದ್ದರೆ ಅದು ಹೊಸತೇ ಆಗಿರುತ್ತಿರಲಿಲ್ಲ. ಅಂತೆಯೇ, ಕಾಲ ಮೀರಿದ ಕಸುಬಿನವರು ನಮ್ಮೆದುರು ನಿಂತಾಗ ನಾವು ಕೊಡುವುದು ಉಪದೇಶವನ್ನು. ಅವರಿಗೆ ಬೇಕಾದದ್ದು ಕಲಿಯಲು ಒಂದಿಷ್ಟು ಅವಧಿ, ಆ ಅವಧಿಯಲ್ಲಿ ಮಾನದಿಂದ ಬದುಕಲು ಒಂದಿಷ್ಟು ಆಸರೆ. ಹೊರಡುವವರಿಗೆ ನಂಬಿಕೆಯನ್ನೂ ಹಿಂದುಳಿದವರಿಗೆ ಸಮಯವನ್ನೂ ಕೊಡಲು ಕಲಿತ ಸಮಾಜ ಹೊಸದಕ್ಕೆ ಹೆದರಬೇಕಾಗಿಲ್ಲ.